ಸತತ ಒಳ್ಳೆ ಆಲ್ಬಂ ಕೊಟ್ಟ ಬ್ಯಾಂಡ್ ಯಾವ್ದು? ಬೊಬ್ಬೆ ಹೊಡಿಯುವ ಮೊದ್ಲು ಲೆಕ್ಕ ಹೇಗೆ ಅಂತ ನೋಡುವ

ಬೆಸ್ಟ್ ರಾಕ್ ಬ್ಯಾಂಡ್ ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ಅವರವರ ರುಚಿ ಮಾರಾಯ ಅಂತ ಹೇಳಿ ಎದ್ದು ಹೋಗ್ಬಹುದು. ಆದ್ರೆ ನಡುವೆ ಒಂದೂ ಹಾಳು ಮಾಡದೆ, ಒಂದರ ಹಿಂದೆ ಒಂದು, ಸತತವಾಗಿ ಒಳ್ಳೆ ಆಲ್ಬಂ ಕೊಟ್ಟವರು ಯಾರು ಅಂತ ಕೇಳಿ ನೋಡಿ, ಒಬ್ಬನೂ ಏಳುದಿಲ್ಲ. ಇದ್ರಲ್ಲಿ ರುಚಿ ಉಂಟು, ಅದ್ರ ಜೊತೆ ಇಸವಿ ಉಂಟು, ಎಣಿಕೆ ಉಂಟು, ಹಾಗಾಗಿ ಎದುರಿನವನನ್ನು ಸೋಲಿಸ್ಲಿಕ್ಕೆ ಸಾಧ್ಯ ಅಂತ ಎಲ್ರಿಗೂ ಅನಿಸ್ತದೆ.

ನಮ್ಮ ಕಡೆ, ಅಂದ್ರೆ ಕಾಸರಗೋಡಿನ ಕುಂಬ್ಳೆ, ಬದಿಯಡ್ಕ, ಉಪ್ಪಳ ಈ ಬದಿಯಲ್ಲಿ ಹಳೇ ರಾಕ್ ಕೇಳುವವರು ಎಷ್ಟು ಜನ ಉಂಟು ಅಂತ ಕೇಳ್ಬೇಡಿ, ಇರುವವರಿಗೆಲ್ಲ ಒಬ್ಬರಿಗೊಬ್ಬರ ಗುರ್ತ ಉಂಟು, ಅಷ್ಟು ಸಾಕು. ನಾಲ್ಕು ಜನ ಸೇರಿದ್ರೂ ಬೊಬ್ಬೆ ನಲ್ವತ್ತು ಜನದ್ದು. ಪೆರ್ಲದ ನನ್ನ ಭಾವ ಬೀಟಲ್ಸ್ ಪಾರ್ಟಿ, ಕಾಞಂಗಾಡಿನ ದೋಸ್ತಿ ಮೆಟಾಲಿಕಾ ಬಿಟ್ಟು ಬೇರೆ ಮಾತಾಡುದಿಲ್ಲ, ಅವನು ಮಲಯಾಳದಲ್ಲಿ ಬಯ್ತಾನೆ ಇವನು ಕನ್ನಡದಲ್ಲಿ ಉತ್ತರ ಕೊಡ್ತಾನೆ, ಇಬ್ಬರಿಗೂ ಎರಡೂ ಭಾಷೆ ಬರ್ತದೆ ಆದ್ರೂ ಹಾಗೇ. ಕೇಳ್ತಾ ಕೂತ್ರೆ ನನಗೆ ತಾಳಮದ್ದಳೆ, ಅಂದ್ರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ, ನೆನಪಾಗ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಅರ್ಥ ಹೇಳುವ ಶೇಣಿ ಗೋಪಾಲಕೃಷ್ಣ ಭಟ್ಟರ ಊರು ನಮ್ದು, ಕೂತು ವಾದ ಮಾಡುವ ಅಭ್ಯಾಸ ಮೊದ್ಲಿಂದ್ಲೇ ಉಂಟು. ಆದ್ರೆ ತಾಳಮದ್ದಳೆಯಲ್ಲಿ ಕೂರುವ ಮೊದ್ಲೇ ಇವತ್ತು ಯಾವ ಪ್ರಸಂಗ ಅಂತ ತೀರ್ಮಾನ ಆಗಿರ್ತದೆ, ಅರ್ಥಧಾರಿ ಎಷ್ಟು ದೊಡ್ಡವನಾದ್ರೂ ಅದ್ರ ಹೊರಗೆ ಹೋಗ್ಲಿಕ್ಕಿಲ್ಲ. ಆಲ್ಬಂ ಚರ್ಚೆಯಲ್ಲಿ ಒಬ್ಬ ಕರ್ಣಪರ್ವ ಹೇಳ್ತಾ ಇರ್ತಾನೆ, ಇನ್ನೊಬ್ಬ ವಾಲಿವಧೆಗೆ ಉತ್ತರ ಕೊಡ್ತಾ ಇರ್ತಾನೆ. ಹಾಗಾಗಿ ಮುಗಿಯುದೇ ಇಲ್ಲ.

ನಾನು ಹೇಳ್ಲಿಕ್ಕೆ ಹೊರಟದ್ದು ಇಷ್ಟೇ: ಯಾವ ನಿಯಮ ಇಟ್ಕೊಂಡ್ರಿ ಅನ್ನೋದ್ರ ಮೇಲೆ ಯಾರು ಗೆಲ್ತಾರೆ ಅಂತ ತೀರ್ಮಾನ ಆಗ್ತದೆ, ಮತ್ತೆ ಸತತ ಒಳ್ಳೆ ಆಲ್ಬಂಗಳ ಒಂದು ಸಾಲಿನ ಬೆಲೆ ಕಟ್ಟುವಾಗ ಅದ್ರಲ್ಲಿರುವ ಅತ್ಯುತ್ತಮ ಆಲ್ಬಂ ನೋಡುದಲ್ಲ, ಎಲ್ಲಕ್ಕಿಂತ ಕೆಳಗಿನದ್ದನ್ನು ನೋಡ್ಬೇಕು.

ಮೊದ್ಲು ಆಲ್ಬಂ ಅನ್ನುವ ಅಳತೆ ಎಲ್ಲಿಂದ ಬಂತು ಹೇಳ್ತೇನೆ. ಗ್ರಾಮಫೋನಿನ ಹನ್ನೆರಡು ಇಂಚಿನ ಎಲ್‌ಪಿ ತಟ್ಟೆಯಲ್ಲಿ ಒಂದು ಬದಿಗೆ 20, 22 ನಿಮಿಷ ಹಿಡಿಸಿದ್ರೆ ಸೌಂಡು ಚೆನ್ನಾಗಿ ಬರ್ತದೆ, ಅದಕ್ಕಿಂತ ಜಾಸ್ತಿ ತುರುಕಿದ್ರೆ ಗೀರುಗಳು ಹತ್ತಿರ ಹತ್ತಿರ ಆಗಿ ಸೌಂಡು ಕಮ್ಮಿ ಆಗ್ತದೆ, ಬಾಸ್ ತೆಳ್ಳಗೆ ಆಗ್ತದೆ. ಹಾಗಾಗಿ ಎರಡು ಬದಿ ಸೇರಿ ನಲ್ವತ್ತು ನಿಮಿಷದ ಆಸುಪಾಸು. ಈ ಮಿತಿಯೇ ಅರವತ್ತು ಎಪ್ಪತ್ತರ ದಶಕದ ಬ್ಯಾಂಡುಗಳ ಮರ್ಯಾದೆ ಉಳಿಸಿದ್ದು ಅಂತ ನಾನು ಹೇಳ್ತೇನೆ. ಎಂಟು ಹಾಡು ಒಳ್ಳೇದಿದ್ರೆ ಒಂದು ಆಲ್ಬಂ ಆಯ್ತು. ಸಿಡಿ ಬಂದ ಮೇಲೆ 74 ನಿಮಿಷಕ್ಕೂ ಜಾಸ್ತಿ ಜಾಗ ಸಿಕ್ಕಿತು, ಜಾಗ ಉಂಟಲ್ಲ ಅಂತ ತುಂಬಿಸಿದ್ರು. ಮೆಟಾಲಿಕಾದ 1996ರ 'ಲೋಡ್' ಹತ್ರ ಹತ್ರ 79 ನಿಮಿಷ. ಅದನ್ನು ನಲ್ವತ್ತಕ್ಕೆ ಕತ್ತರಿಸಿದ್ದಿದ್ರೆ ಜನ ಇವತ್ತು ಬೇರೆ ಮಾತಾಡ್ತಿದ್ರು.

ಇನ್ನೊಂದು ವಿಷಯ ವೇಗ. ಆಗಿನ ಕಂಪೆನಿಗಳು ವರ್ಷಕ್ಕೆ ಒಂದಾದ್ರೂ ಬೇಕು, ಆದ್ರೆ ಎರಡು ಕೊಡು ಅಂತ ಕೂತಿರ್ತಿದ್ವು. ಬೀಟಲ್ಸ್ ಮೊದಲ ಆಲ್ಬಂನ 14 ಹಾಡುಗಳಲ್ಲಿ ಹತ್ತನ್ನು 1963ರ ಫೆಬ್ರವರಿ 11, ಆ ಒಂದೇ ದಿನ ರೆಕಾರ್ಡ್ ಮಾಡಿ ಮುಗಿಸಿದ್ರು. ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಸಹ ಹಾಗೇ, ಹನ್ನೆರಡು ಗಂಟೆಯಷ್ಟರಲ್ಲಿ ಆಯ್ತು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್‌ನವರಂತೂ 1969 ಒಂದೇ ವರ್ಷದಲ್ಲಿ ಮೂರು ಆಲ್ಬಂ ಬಿಟ್ರು, 'ಬಾಯೂ ಕಂಟ್ರಿ', 'ಗ್ರೀನ್ ರಿವರ್', 'ವಿಲ್ಲಿ ಆ್ಯಂಡ್ ದ ಪೂರ್ ಬಾಯ್ಸ್', ಮರು ವರ್ಷ ಜುಲೈಗೆ 'ಕಾಸ್ಮೋಸ್ ಫ್ಯಾಕ್ಟರಿ'. ಹತ್ತೊಂಬತ್ತು ತಿಂಗಳ ಒಳಗೆ ನಾಲ್ಕು, ಒಂದೂ ಬಿಸಾಡುವ ಹಾಗಿಲ್ಲ. ಈಗಿನ ಬ್ಯಾಂಡಿಗೆ ಅಷ್ಟರಲ್ಲಿ ಟೂರ್ ಪೋಸ್ಟರ್ ಸಹ ರೆಡಿ ಆಗುದಿಲ್ಲ. ಕ್ರೀಡೆನ್ಸ್ ಹೆಸರು ಈ ಚರ್ಚೆಯಲ್ಲಿ ಯಾಕೆ ಕಮ್ಮಿ ಬರ್ತದೆ ಅಂತ ನನಗೆ ಬೇಜಾರುಂಟು. ಬಹುಶಃ ಅವರ ಒಂದೊಂದು ಹಾಡೂ ರೇಡಿಯೋದಲ್ಲಿ ಬಿಡಿ ಬಿಡಿಯಾಗಿ ಹಿಟ್ ಆಗಿ, ಆಲ್ಬಂ ಯಾವ್ದು ಅಂತ್ಲೇ ಜನಕ್ಕೆ ಮರ್ತುಹೋದ ಕಾರಣ ಇರ್ಬೇಕು.

ನಮ್ಮಲ್ಲಿಯ ಕೇಳುಗರಿಗೆ ಈ ಸಾಲಿನ ರುಚಿ ಹತ್ತಿದ್ದು ಕ್ಯಾಸೆಟ್‌ನಿಂದ. ಕಾಸರಗೋಡಲ್ಲಿ ಗಲ್ಫಿಗೆ ಹೋದವರಿಲ್ಲದ ಮನೆ ಹುಡುಕುದು ಕಷ್ಟ, ರಜೆಗೆ ಬರುವ ಮಾವಂದಿರ ಪೆಟ್ಟಿಗೆಯಲ್ಲಿ ಸೆಂಟಿನ ಬಾಟ್ಲಿ, ಟ್ಯಾಂಗ್ ಡಬ್ಬ, ಟೂ-ಇನ್-ವನ್, ಅದ್ರ ಜೊತೆ ಅಲ್ಲಿ ಯಾರೋ ರೆಕಾರ್ಡ್ ಮಾಡಿ ಕೊಟ್ಟ 90 ನಿಮಿಷದ ಟಿಡಿಕೆ ಕ್ಯಾಸೆಟ್. ಒಂದು ಬದಿಗೆ 45 ನಿಮಿಷ. ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' 43 ನಿಮಿಷ, ಅದ್ರ ನಂತರದ 'ವಿಶ್ ಯೂ ವರ್ ಹಿಯರ್' 44 ನಿಮಿಷ, ಅಳತೆ ಮಾಡಿ ಹೊಲಿಸಿದ ಹಾಗೆ ಎ ಬದಿಗೆ ಒಂದು ಬಿ ಬದಿಗೆ ಒಂದು. ಕ್ಯಾಸೆಟ್ ತಿರುಗಿಸಿ ಹಾಕಿದ್ರೆ 1973ರಿಂದ 1975ಕ್ಕೆ ಬಂದ್ರಿ. ಲೆಡ್ ಝೆಪ್ಪೆಲಿನ್‌ನ ಎರಡನೇ ಮತ್ತು ಮೂರನೇ ಆಲ್ಬಂ ಸಹ ಹಾಗೇ ಒಂದ್ರಲ್ಲಿ ಹಿಡಿಸ್ತಿತ್ತು. ಐರನ್ ಮೇಡನ್‌ನ 'ಪವರ್‌ಸ್ಲೇವ್' ಮಾತ್ರ 51 ನಿಮಿಷ, ಅದ್ರ ಕೊನೆ ಹಾಡು 'ರೈಮ್ ಆಫ್ ದ ಏನ್ಷಿಯಂಟ್ ಮ್ಯಾರಿನರ್' ಒಂದೇ ಹದಿಮೂರು ಚಿಲ್ಲರೆ ನಿಮಿಷ, ಅದು ಅರ್ಧಕ್ಕೆ ಬರುವಾಗ ಟಕ್ ಅಂತ ಟೇಪು ಮುಗೀತಿತ್ತು. ಹಾಡಿನ ಕಥೆಯ ಹಡಗು ಸಮುದ್ರದ ನಡುವೆಯೇ. ಆ ಹಾಡಿಗೆ ಕೊನೆ ಅಂತ ಒಂದುಂಟು ಅಂತ ನಮ್ಮಲ್ಲಿ ಕೆಲವರಿಗೆ ಗೊತ್ತಾದ್ದು ಎಂಪಿ3 ಬಂದ ಮೇಲೆ.

ಈಗ ನಿಯಮಕ್ಕೆ ಬರುವ. ಸ್ಟುಡಿಯೋ ಆಲ್ಬಂ ಮಾತ್ರ ಲೆಕ್ಕ, ಲೈವ್ ಬೇಡ, ಕಲೆಕ್ಷನ್ ಬೇಡ ಅನ್ನುವಲ್ಲಿಗೆ ಎಲ್ರೂ ಒಪ್ತಾರೆ, ಅದು ಸುಲಭ. ರೋಲಿಂಗ್ ಸ್ಟೋನ್ಸ್ 1970ರಲ್ಲಿ ಒಂದು ಲೈವ್ ಆಲ್ಬಂ ತಂದ್ರು, ಅದನ್ನು ಸಾಲಿನಲ್ಲಿ ಸೇರಿಸುದೂ ಬೇಡ, ಅದ್ರಿಂದ ಸಾಲು ಮುರೀತು ಅಂತ ಹೇಳುದೂ ಬೇಡ. ಕಷ್ಟ ಶುರು ಆಗುದು ಅದ್ರ ನಂತರ, ಅದಕ್ಕೆ ಬೀಟಲ್ಸ್‌ಗಿಂತ ಒಳ್ಳೆ ಉದಾಹರಣೆ ಇಲ್ಲ.

ಭಾವ ಹೇಳುದು, ಬೀಟಲ್ಸ್ ಮೊದಲಿಂದ ಕೊನೆವರೆಗೆ ಎಲ್ಲ ಒಳ್ಳೇದೇ, ಚರ್ಚೆ ಎಂತದ್ದು ಅಂತ. ಹಾಗಲ್ಲ ಭಾವ, ಕೂತ್ಕೋ. 1964ರ 'ಎ ಹಾರ್ಡ್ ಡೇಸ್ ನೈಟ್'ನಲ್ಲಿ 13 ಹಾಡೂ ಬ್ಯಾಂಡಿನ ಲೆನನ್ ಮತ್ತು ಮೆಕಾರ್ಟ್ನಿಯೇ ಬರೆದದ್ದು, ಭಾರಿ ಒಳ್ಳೆ ಆಲ್ಬಂ. ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ 'ಬೀಟಲ್ಸ್ ಫಾರ್ ಸೇಲ್' ನೋಡು, 14ರಲ್ಲಿ ಆರು ಬೇರೆಯವರ ಹಾಡು, ಮುಖಪುಟದಲ್ಲೇ ನಾಲ್ಕು ಜನ ನಿದ್ದೆಗೆಟ್ಟವರ ಹಾಗೆ ನಿಂತಿದ್ದಾರೆ. ಸುಸ್ತಾಗಿತ್ತು, ಕ್ರಿಸ್‌ಮಸ್ ವ್ಯಾಪಾರಕ್ಕೆ ಕಂಪೆನಿಗೆ ಎಂತಾದ್ರೂ ಕೊಡ್ಬೇಕಿತ್ತು. ಅಲ್ಲಿ ಸಾಲು ಕಡಿದೋಯ್ತು. ಮತ್ತೆ 1965ರ 'ಹೆಲ್ಪ್' ಒಳ್ಳೇದೇ, ಆದ್ರೆ ನಿಜವಾದ ಸಾಲು ಶುರು ಆಗುದು ಆ ವರ್ಷ ಡಿಸೆಂಬರ್‌ನ 'ರಬ್ಬರ್ ಸೋಲ್'ನಿಂದ. ಅಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರ್ ಹಿಡೀತಾನೆ, ಹಾಡಿನ ಮಾತು ಬದಲಾಗ್ತದೆ. 1966ರ ಆಗಸ್ಟ್‌ನಲ್ಲಿ 'ರಿವಾಲ್ವರ್', ಅದೇ ತಿಂಗಳು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಕೊನೆ ಶೋ, ಟೂರ್ ಬಂದ್. ಸ್ಟೇಜಲ್ಲಿ ನುಡಿಸ್ಬೇಕು ಅನ್ನುವ ತಲೆಬಿಸಿ ಹೋಯ್ತು. 1967ಕ್ಕೆ 'ಸಾರ್ಜೆಂಟ್ ಪೆಪ್ಪರ್'.

ಇಲ್ಲಿಂದ ಮುಂದೆ ಗಂಟು. 'ಮ್ಯಾಜಿಕಲ್ ಮಿಸ್ಟ್ರಿ ಟೂರ್' ಬ್ರಿಟನ್‌ನಲ್ಲಿ ಬಂದದ್ದು ಆರು ಹಾಡಿನ, ಎರಡು ಸಣ್ಣ ತಟ್ಟೆಯ ಸೆಟ್ ಆಗಿ. ಅಮೆರಿಕದ ಕಂಪೆನಿ ಅದಕ್ಕೆ ಆ ವರ್ಷ ಬಿಡಿಯಾಗಿ ಬಂದ ಸಿಂಗಲ್ ಹಾಡುಗಳನ್ನು ಸೇರಿಸಿ 11 ಹಾಡಿನ ಎಲ್‌ಪಿ ಮಾಡಿತು. 1987ರಲ್ಲಿ ಸಿಡಿ ಬರುವಾಗ ಆ ಅಮೆರಿಕದ ರೂಪವನ್ನೇ ಎಲ್ಲ ಕಡೆ ಇಟ್ಕೊಂಡ್ರು, ಹಾಗಾಗಿ ಈಗ ಆ್ಯಪ್‌ನಲ್ಲಿ ನೋಡಿದ್ರೆ ಅದೂ ಒಂದು ಆಲ್ಬಂ. ಅದು ಹೋಗ್ಲಿ, ಬಿಡುವ. 1968ರ ನವೆಂಬರ್‌ನಲ್ಲಿ 'ವೈಟ್ ಆಲ್ಬಂ', ಅದ್ರ ಎಷ್ಟೋ ಹಾಡು ಹೃಷಿಕೇಶದ ಆಶ್ರಮದಲ್ಲಿ ಕೂತು ಬರೆದದ್ದು. ಅದಾಗಿ ಎರಡೇ ತಿಂಗಳಿಗೆ, 1969ರ ಜನವರಿಯಲ್ಲಿ 'ಯೆಲ್ಲೋ ಸಬ್‌ಮರೀನ್'. ಕಾರ್ಟೂನ್ ಸಿನೆಮಾದ್ದು. ಒಂದು ಬದಿಯಲ್ಲಿ ಬೀಟಲ್ಸ್‌ನ ಆರು ಹಾಡು, ಅದ್ರಲ್ಲಿ ಎರಡು ಮೊದ್ಲೇ ಬಂದದ್ದು, ಇನ್ನೊಂದು ಬದಿ ಪೂರ್ತಿ ಅವರ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್‌ನ ಆರ್ಕೆಸ್ಟ್ರಾ. ಅಂದ್ರೆ ಬ್ಯಾಂಡಿನ ಹೊಸ ಹಾಡು ನಾಲ್ಕೇ ನಾಲ್ಕು. ಹೆಸರು ಬೀಟಲ್ಸ್, ನಂಬರ್ ಪ್ರಕಾರ ಅವರ ಆಲ್ಬಂ. ನಿಯಮ ನಿಯಮವೇ ಅಂತ ಹಿಡಿದ್ರೆ ಸಾಲು ಇಲ್ಲಿಗೆ ಕಡೀತದೆ, ಮುಂದಿನ 'ಆ್ಯಬಿ ರೋಡ್' ಎಷ್ಟು ಚಂದ ಇದ್ರೂ ಅದು ಬೇರೆ ಸಾಲು. ಭಾವ ಇದಕ್ಕೆ ಒಪ್ಪುದಿಲ್ಲ, ಸಿನೆಮಾ ಆಲ್ಬಂ ಲೆಕ್ಕ ಇಲ್ಲ ಅಂತಾನೆ. ಸರಿ ಹಾಗಾದ್ರೆ 'ಹೆಲ್ಪ್' ಮತ್ತು 'ಎ ಹಾರ್ಡ್ ಡೇಸ್ ನೈಟ್' ಸಹ ಸಿನೆಮಾದ್ದೇ ಅಲ್ವಾ, ತೆಗಿ ಅದನ್ನೂ ಅಂತ ಹೇಳಿದ್ರೆ ಸುಮ್ಮನಾಗ್ತಾನೆ. ಕೊನೆಯ 'ಲೆಟ್ ಇಟ್ ಬಿ' ಇನ್ನೊಂದು ಕಥೆ, ಬಂದದ್ದು 1970ರಲ್ಲಿ, ಆದ್ರೆ ಹೆಚ್ಚಿನದ್ದು ರೆಕಾರ್ಡ್ ಆದದ್ದು 1969ರ ಜನವರಿಯಲ್ಲಿ, 'ಆ್ಯಬಿ ರೋಡ್'ಗಿಂತ ಮೊದ್ಲು. ಬಿಡುಗಡೆಯ ತಾರೀಕು ಹಿಡೀಬೇಕಾ, ರೆಕಾರ್ಡಿಂಗ್ ತಾರೀಕು ಹಿಡೀಬೇಕಾ? ನಾನು ಬಿಡುಗಡೆ ಹಿಡೀತೇನೆ. ಕೇಳುವವನಿಗೆ ಸಿಕ್ಕಿದ ಕ್ರಮ ಅದು.

ಇನ್ನೊಂದು ಸಂಗತಿ ಜನ ಮರೀತಾರೆ. ಆಗ ಬ್ರಿಟನ್ ಮತ್ತು ಅಮೆರಿಕದ ಆಲ್ಬಂ ಒಂದೇ ಇರ್ಲಿಲ್ಲ. ಅಮೆರಿಕದ 'ರಬ್ಬರ್ ಸೋಲ್'ನಿಂದ ನಾಲ್ಕು ಹಾಡು ತೆಗೆದು 'ಹೆಲ್ಪ್'ನ ಎರಡು ಹಾಡು ಹಾಕಿದ್ರು, ಅದು ಹೆಚ್ಚು ಮೆತ್ತಗೆ ಕೇಳ್ತದೆ. ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ಅದನ್ನು ಕೇಳಿ ತಲೆ ಕೆಡಿಸ್ಕೊಂಡು 1966ರಲ್ಲಿ 'ಪೆಟ್ ಸೌಂಡ್ಸ್' ಮಾಡಿದ್ದು, ಅಂದ್ರೆ ಅವನ ತಲೆ ಕೆಡಿಸಿದ ಆಲ್ಬಂ ಲಂಡನ್‌ನವರು ಕೇಳಿದ ಆಲ್ಬಂ ಅಲ್ಲ. ಅಮೆರಿಕದ 'ರಿವಾಲ್ವರ್'ನಲ್ಲಿ ಲೆನನ್‌ನ ಮೂರು ಹಾಡೇ ಇಲ್ಲ. ಹಾಗಾಗಿ ಹಳೇ ಅಮೆರಿಕನ್ ಅಭಿಮಾನಿ ಮತ್ತು ಹಳೇ ಬ್ರಿಟಿಷ್ ಅಭಿಮಾನಿ ಒಂದೇ ಹೆಸರು ಹೇಳಿ ಬೇರೆ ಬೇರೆ ವಸ್ತುವಿನ ಬಗ್ಗೆ ಜಗಳ ಮಾಡಿರ್ಲಿಕ್ಕೆ ಸಾಕು.

ಅಂತೂ ನನ್ನ ಲೆಕ್ಕದಲ್ಲಿ ಬೀಟಲ್ಸ್‌ಗೆ 'ರಬ್ಬರ್ ಸೋಲ್'ನಿಂದ 'ವೈಟ್ ಆಲ್ಬಂ'ವರೆಗೆ ನಾಲ್ಕು, ಮೂರು ವರ್ಷದೊಳಗೆ. ಸಂಖ್ಯೆ ಸಣ್ಣದು, ಆದ್ರೆ ಒಂದರಿಂದ ಇನ್ನೊಂದಕ್ಕೆ ಅವರು ಹೋದ ದೂರ ಬೇರೆ ಯಾರೂ ಹೋಗ್ಲಿಲ್ಲ.

ದುರ್ಬಲ ಆಲ್ಬಂ ನೋಡ್ಬೇಕು ಅಂತ ಮೊದ್ಲೇ ಹೇಳಿದ್ದೆ ಅಲ್ವಾ, ಅದನ್ನು ಸ್ಟೋನ್ಸ್ ಮೇಲೆ ಹಾಕಿ ನೋಡುವ. 1968ರ ಡಿಸೆಂಬರ್‌ನ 'ಬೆಗರ್ಸ್ ಬ್ಯಾಂಕ್ವೆಟ್', 1969ರ 'ಲೆಟ್ ಇಟ್ ಬ್ಲೀಡ್', 1971ರ 'ಸ್ಟಿಕಿ ಫಿಂಗರ್ಸ್', 1972ರ ಮೇ ತಿಂಗಳ ಡಬಲ್ ಆಲ್ಬಂ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್'. ನಾಲ್ಕಕ್ಕೂ ಪ್ರೊಡ್ಯೂಸರ್ ಜಿಮ್ಮಿ ಮಿಲ್ಲರ್. ಇದ್ರ ಮೊದ್ಲಿನದ್ದು ಸಾರ್ಜೆಂಟ್ ಪೆಪ್ಪರ್ ನೋಡಿ ನಾವೂ ಮಾಡ್ತೇವೆ ಅಂತ ಹೊರಟು ಎಡವಿದ ಆಲ್ಬಂ, ನಂತರದ್ದು 1973ರ 'ಗೋಟ್ಸ್ ಹೆಡ್ ಸೂಪ್', ಸಾಧಾರಣ. ಅಂದ್ರೆ ಸಾಲಿನ ಎರಡು ತುದಿಯೂ ಗೆರೆ ಎಳೆದ ಹಾಗೆ ಸ್ಪಷ್ಟ. ಈ ನಾಲ್ಕರಲ್ಲಿ ಕೆಳಗಿನದ್ದು ಯಾವ್ದು ಹೇಳಿ? ನಾಲ್ಕು ಜನರನ್ನು ಕೇಳಿದ್ರೆ ನಾಲ್ಕು ಹೆಸರು ಬರ್ತದೆ. ಹಾಗೆ ಆದ್ರೆ ಸಾಲು ಗಟ್ಟಿ ಉಂಟು ಅಂತ ಅರ್ಥ. ಆ ನಡುವೆ ಅವರಿಗೆ ಆಗದ್ದು ಎಂತ ಇಲ್ಲ, ಬ್ಯಾಂಡ್ ಕಟ್ಟಿದ ಬ್ರಯಾನ್ ಜೋನ್ಸ್ 1969ರ ಜುಲೈಯಲ್ಲಿ ತೀರಿಹೋದ, ಅವನ ಜಾಗಕ್ಕೆ ಮಿಕ್ ಟೇಲರ್ ಬಂದ, ಬ್ರಿಟನ್‌ನ ಟ್ಯಾಕ್ಸ್ ಕಟ್ಲಿಕ್ಕಾಗದೆ ಫ್ರಾನ್ಸ್‌ಗೆ ಓಡಿದ್ರು, ಅಲ್ಲಿ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಬಾಡಿಗೆಗೆ ಹಿಡಿದ ಬಂಗ್ಲೆಯ ನೆಲಮಾಳಿಗೆಯಲ್ಲಿ ಸೆಕೆಯಲ್ಲಿ ಕೂತು 'ಎಕ್ಸೈಲ್'ನ ದೊಡ್ಡ ಭಾಗ ರೆಕಾರ್ಡ್ ಮಾಡಿದ್ರು. ಆ ಸೆಕೆ ಹಾಡಲ್ಲಿ ಕೇಳ್ತದೆ, ನಮ್ಮೂರಿನವರಿಗೆ ಬೇಗ ಗೊತ್ತಾಗ್ತದೆ ಅದು.

ಲೆಡ್ ಝೆಪ್ಪೆಲಿನ್‌ಗೆ ಬಂದ್ರೆ ಸಂಖ್ಯೆ ದೊಡ್ಡದು. 1969ರ ಜನವರಿಯ ಮೊದಲ ಆಲ್ಬಂನಿಂದ 1975ರ ಫೆಬ್ರವರಿಯ 'ಫಿಸಿಕಲ್ ಗ್ರಾಫಿಟಿ'ವರೆಗೆ ಆರು. ಮೊದಲ ಆಲ್ಬಂನಿಂದ್ಲೇ ಸಾಲು ಶುರು ಆಗುದು ಅಪರೂಪ, ಹೆಚ್ಚಿನ ಬ್ಯಾಂಡಿಗೆ ಮೊದಲಿನ ಒಂದೆರಡು ತಡಕಾಟಕ್ಕೇ ಹೋಗ್ತದೆ. ಇಲ್ಲಿ ಜಗಳ ಮೂರನೆಯದ್ರ ಮೇಲೆ. ವೇಲ್ಸ್‌ನ ಕರೆಂಟಿಲ್ಲದ ಗುಡ್ಡದ ಮನೆಯಲ್ಲಿ ಕೂತು ಬರೆದ ಹಾಡುಗಳು, ಅರ್ಧಕ್ಕರ್ಧ ಅಕೂಸ್ಟಿಕ್, ಬಂದಾಗ ವಿಮರ್ಶಕರು ಸಮಾ ಬೈದ್ರು. ಈಗ ಅದೇ ಅವರ ಚಂದದ ಆಲ್ಬಂ ಅಂತ ಹೇಳುವವರುಂಟು, ನಾನೂ ಒಬ್ಬ. ಅದ್ರ 'ಫ್ರೆಂಡ್ಸ್' ಅನ್ನುವ ಹಾಡನ್ನು ಬ್ಯಾಂಡಿನ ಗಿಟಾರಿಸ್ಟ್ ಪೇಜ್ ಮತ್ತು ಹಾಡುಗಾರ ಪ್ಲಾಂಟ್ 1972ರಲ್ಲಿ ಬಾಂಬೆಗೆ ಬಂದು ಅಲ್ಲಿಯ ವಾದ್ಯದವರ ಜೊತೆ ಇನ್ನೊಮ್ಮೆ ನುಡಿಸಿದ್ರು, ಆ ರೆಕಾರ್ಡಿಂಗ್ ಅಧಿಕೃತವಾಗಿ ಹೊರಗೆ ಬಂದದ್ದು 2015ಕ್ಕೆ. 'ಫಿಸಿಕಲ್ ಗ್ರಾಫಿಟಿ' ಬಗ್ಗೆ ಇನ್ನೊಂದು ತಕರಾರು, 15ರಲ್ಲಿ ಏಳು ಹಾಡು ಹಿಂದಿನ ಆಲ್ಬಂಗಳ ಸಮಯದಲ್ಲಿ ಉಳಿದದ್ದು, ಹೊಸತು ಎಂಟೇ. 'ಹೌಸಸ್ ಆಫ್ ದ ಹೋಲಿ' ಅನ್ನುವ ಹಾಡು ಆ ಹೆಸರಿನ ಆಲ್ಬಂನಲ್ಲಿ ಇಲ್ಲ, ಇದ್ರಲ್ಲುಂಟು. ಉಳಿದದ್ದನ್ನು ಸೇರಿಸಿದ್ರೆ ಅದು ಆಲ್ಬಂ ಹೌದಾ? ಹೌದು ಅಂತ ನಾನು ಹೇಳ್ತೇನೆ, ಸೇರಿಸಿದ ಮೇಲೆ ಒಟ್ಟಿಗೆ ನಿಲ್ತದಾ ನೋಡಿದ್ರೆ ಸಾಕು. ಸಾಲು ನಿಂತದ್ದಕ್ಕೂ ಕಾರಣ ಉಂಟು, 1975ರ ಆಗಸ್ಟ್‌ನಲ್ಲಿ ಗ್ರೀಸ್‌ನಲ್ಲಿ ಪ್ಲಾಂಟ್‌ನ ಕಾರ್ ಆ್ಯಕ್ಸಿಡೆಂಟ್ ಆಗಿ, ಮುಂದಿನ ಆಲ್ಬಂ 'ಪ್ರೆಸೆನ್ಸ್' ಅವನು ವೀಲ್‌ಚೇರಲ್ಲಿ ಕೂತು ಹಾಡಿದ್ದು, ಎರಡೂವರೆ ವಾರದಲ್ಲಿ ಗಡಿಬಿಡಿಯಲ್ಲಿ ಮುಗಿಸಿದ್ದು.

ಪಿಂಕ್ ಫ್ಲಾಯ್ಡ್ ಪಾರ್ಟಿಯವರು ಹೇಳುವ ಸಾಲು 1971ರ 'ಮೆಡ್ಲ್'ನಿಂದ 1979ರ 'ದ ವಾಲ್'ವರೆಗೆ. ನಡುವೆ 1972ರಲ್ಲಿ 'ಅಬ್ಸ್‌ಕ್ಯೂರ್ಡ್ ಬೈ ಕ್ಲೌಡ್ಸ್' ಅಂತ ಒಂದು ಫ್ರೆಂಚ್ ಸಿನೆಮಾಕ್ಕೆ ಮಾಡಿ ಕೊಟ್ಟ ಆಲ್ಬಂ ಉಂಟು, ಅದನ್ನು ಕೇಳದವರೇ ಹೆಚ್ಚು, ಹಾಗಾಗಿ ಹಾರಿಸಿ ಹೋಗ್ತಾರೆ. ಹಾರಿಸ್ಲಿಕ್ಕಿಲ್ಲ. ಕೇಳಿದ್ರೆ ಅಷ್ಟು ಕೆಟ್ಟದೂ ಅಲ್ಲ, ಆದ್ರೆ ಎರಡು ಬೆಟ್ಟದ ನಡುವೆ ಅದು ಸಣ್ಣ ದಿಣ್ಣೆ. ಭದ್ರವಾಗಿ ನಿಲ್ಬೇಕಾದ್ರೆ 'ಡಾರ್ಕ್ ಸೈಡ್', 'ವಿಶ್ ಯೂ ವರ್ ಹಿಯರ್', 1977ರ 'ಆ್ಯನಿಮಲ್ಸ್', 'ದ ವಾಲ್', ಈ ನಾಲ್ಕು ಹೇಳಿ, ಯಾರೂ ಅಲ್ಲಾಡಿಸ್ಲಿಕ್ಕಿಲ್ಲ.

ಇನ್ನು ಮೆಟಲ್. ಈ ಬದಿಯ ಹುಡುಗರು ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿದು ಹೋದದ್ದು ಎರಡು ಬ್ಯಾಂಡಿಗೆ, 2007ರ ಮಾರ್ಚ್ 17ಕ್ಕೆ ಐರನ್ ಮೇಡನ್, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ, ಎರಡೂ ಅರಮನೆ ಮೈದಾನ. ಹಾಗಾಗಿ ಇದು ಮರ್ಯಾದೆ ಪ್ರಶ್ನೆ. ಮೆಟಾಲಿಕಾದ್ದು 1983ರ 'ಕಿಲ್ ಎಮ್ ಆಲ್'ನಿಂದ ಶುರು, ಮರುವರ್ಷ 'ರೈಡ್ ದ ಲೈಟ್ನಿಂಗ್', 1986ಕ್ಕೆ 'ಮಾಸ್ಟರ್ ಆಫ್ ಪಪೆಟ್ಸ್'. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಬಸ್ಸು ಮಗುಚಿ ಬಾಸಿಸ್ಟ್ ಕ್ಲಿಫ್ ಬರ್ಟನ್ ತೀರಿಹೋದ. 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಹೊಸಬ ಜೇಸನ್ ನ್ಯೂಸ್ಟೆಡ್‌ನ ಬಾಸ್ ಕೇಳುದೇ ಇಲ್ಲ, ಮಿಕ್ಸಿಂಗ್‌ನಲ್ಲಿ ಅಷ್ಟು ಕೆಳಗೆ ಇಟ್ಟಿದ್ದಾರೆ. ಹಾಡು ಫಸ್ಟ್‌ಕ್ಲಾಸ್, ಸೌಂಡು ಒಣಗಿದ ಹುಲ್ಲಿನ ಹಾಗೆ. ದೋಸ್ತಿ ಹೇಳ್ತಾನೆ ಹಾಡು ನೋಡು ಸೌಂಡು ನೋಡ್ಬೇಡ ಅಂತ. ಆಲ್ಬಂ ಅಂದ್ರೆ ಎರಡೂ ಅಲ್ವಾ ಮಾರಾಯ? 1991ರ 'ಬ್ಲ್ಯಾಕ್ ಆಲ್ಬಂ' ಸೇರಿಸಿದ್ರೆ ಐದು, ಬಿಟ್ರೆ ನಾಲ್ಕು, ಸೇರಿಸ್ಬೇಕಾ ಬೇಡ್ವಾ ಅಂತ ಮೆಟಲ್‌ನವರ ಒಳಗೇ ಎರಡು ಪಾರ್ಟಿ. ನಾನು ಸೇರಿಸ್ತೇನೆ. ನಿಧಾನ ಆದದ್ದು ಹೌದು, ಹಾಳಾದದ್ದಲ್ಲ.

ಮೇಡನ್ ಲೆಕ್ಕ ಇನ್ನೂ ಉದ್ದ, 1980ರಿಂದ 1988ರ 'ಸೆವೆಂತ್ ಸನ್'ವರೆಗೆ ಏಳು ಸ್ಟುಡಿಯೋ ಆಲ್ಬಂ. ನಡುವೆ ಹಾಡುಗಾರನೇ ಬದಲಾದ, ಪೌಲ್ ಡಿಯಾನೋ ಹೋಗಿ ಬ್ರೂಸ್ ಡಿಕಿನ್ಸನ್ 1982ರ 'ದ ನಂಬರ್ ಆಫ್ ದ ಬೀಸ್ಟ್'ಗೆ ಬಂದ. ಅಲ್ಲಿಗೆ ಹೊಸ ಸಾಲು ಅಂತ ಹಿಡಿಯುವವರುಂಟು. ನನ್ನ ಪ್ರಕಾರ ಬೋರ್ಡ್ ಅದೇ ಇದ್ರೆ ಸಾಲು ಅದೇ. ಆದ್ರೆ ಏಳರಲ್ಲಿ ಎರಡನೆಯದ್ದು, 'ಕಿಲ್ಲರ್ಸ್', ಉಳಿದವುಗಳಿಗಿಂತ ಒಂದು ಮೆಟ್ಟಿಲು ಕೆಳಗೆ, ದುರ್ಬಲ ಕೊಂಡಿಯ ನಿಯಮ ಹಾಕಿದ್ರೆ ಅಲ್ಲಿ ಸ್ವಲ್ಪ ಮಾರ್ಕ್ ಹೋಗ್ತದೆ.

ಬೇಗ ಮುಗಿದ ಬ್ಯಾಂಡುಗಳದ್ದು ಬೇರೆಯೇ ತೊಂದ್ರೆ. ನಿರ್ವಾಣಕ್ಕೆ ಮೂರೇ ಸ್ಟುಡಿಯೋ ಆಲ್ಬಂ, ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್‌ನ ಬ್ಯಾಂಡ್ ಎಕ್ಸ್‌ಪೀರಿಯೆನ್ಸ್‌ಗೆ 1967, 68ರಲ್ಲಿ ಮೂರು, ಮೂರೂ ಒಳ್ಳೇದು. ಕೆಟ್ಟದ್ದು ಮಾಡ್ಲಿಕ್ಕೆ ಅವರಿಗೆ ಸಮಯವೇ ಸಿಗ್ಲಿಲ್ಲ, ಹಾಗಾಗಿ ನೂರಕ್ಕೆ ನೂರು ಅಂತ ಹೇಳುದು ಅಷ್ಟು ಸಮ ಅಲ್ಲ. ವೆಲ್ವೆಟ್ ಅಂಡರ್‌ಗ್ರೌಂಡ್ 1967ರಿಂದ 1970ರವರೆಗೆ ನಾಲ್ಕು, ನಾಲ್ಕೂ ಚಿನ್ನ ಅಂತ ಹೇಳ್ತಾರೆ. ಐದನೇದ್ದೂ ಒಂದುಂಟು, 1973ರ 'ಸ್ಕ್ವೀಝ್', ಹಾಡುಗಾರ ಲೂ ರೀಡ್ ಎಲ್ಲ ಬಿಟ್ಟುಹೋದ ಮೇಲೆ ಡಗ್ ಯೂಲ್ ಆ ಹೆಸರಲ್ಲಿ ಮಾಡಿದ್ದು. ಅದನ್ನು ಯಾರೂ ಎಣಿಸುದಿಲ್ಲ, ಇದ್ದದ್ದೇ ಮರ್ತ ಹಾಗೆ ಮಾಡ್ತಾರೆ. ಅದು ಸಾಲಿನ ಆಚೆ ಇರುವ ಕಾರಣ ನಾನೂ ಮಾತಾಡುದಿಲ್ಲ.

ರೇಡಿಯೋಹೆಡ್ ಹುಡುಗರು ಈಚೆಗಿನವರು, ಅವರ ಹತ್ರ ಗಟ್ಟಿ ಕೇಸುಂಟು. 1995ರ 'ದ ಬೆಂಡ್ಸ್', 1997ರ 'ಓಕೆ ಕಂಪ್ಯೂಟರ್', 2000ದ 'ಕಿಡ್ ಎ', 2001ರ 'ಆ್ಯಮ್ನೀಸಿಯಾಕ್'. ಕೊನೆಯ ಎರಡು ಒಂದೇ ಸೆಷನ್‌ನಲ್ಲಿ ಆದದ್ದು, ಹಾಗಾದ್ರೆ ಎರಡು ಆಲ್ಬಂ ಅಂತ ಎಣಿಸ್ಬೇಕಾ ಒಂದು ಅಂತ ಎಣಿಸ್ಬೇಕಾ? ಬೇರೆ ಬೇರೆ ವರ್ಷ ಬಂದ್ರೆ ಎರಡೇ. 2003ರ 'ಹೇಲ್ ಟು ದ ಥೀಫ್' 14 ಹಾಡು, 56 ನಿಮಿಷ, ಪುನಃ ಸಿಡಿಯ ರೋಗ. ಅದನ್ನು ಸಹಿಸ್ಕೊಂಡ್ರೆ 2007ರ 'ಇನ್ ರೇನ್‌ಬೋಸ್'ವರೆಗೆ ಆರು ಸಿಗ್ತದೆ. ಆದ್ರೆ ಹನ್ನೆರಡು ವರ್ಷ. ಝೆಪ್ಪೆಲಿನ್ ಆರಕ್ಕೆ ಆರು ವರ್ಷ ತಗೊಂಡದ್ದು.

ನಮ್ಮ ದೇಶದ ಬ್ಯಾಂಡುಗಳನ್ನು ಯಾಕೆ ಹೇಳ್ಲಿಲ್ಲ ಅಂತ ಕೇಳ್ಬಹುದು. ಕೇರಳದ ಅವಿಯಲ್ 2008ರಲ್ಲಿ ತಂದ ಮಲಯಾಳ ರಾಕ್ ಆಲ್ಬಂ ನಮ್ಮಲ್ಲಿ ಕೇಳದವರಿಲ್ಲ, 'ನಡ ನಡ' ಈಗ್ಲೂ ಯಾವುದಾದ್ರೂ ಕಾರಲ್ಲಿ ಕೇಳ್ತದೆ. ಬೆಂಗಳೂರಿನ ಸ್ವರಾತ್ಮ 2009ಕ್ಕೆ ಒಂದು, 2012ಕ್ಕೆ ಇನ್ನೊಂದು ತಂತು. ಆದ್ರೆ ಸಾಲು ಕಟ್ಬೇಕಾದ್ರೆ ವರ್ಷಕ್ಕೊಂದು ಆಲ್ಬಂ ಕೇಳುವ ಕಂಪೆನಿ ಬೇಕು, ಸ್ಟುಡಿಯೋಕ್ಕೆ ದುಡ್ಡು ಬೇಕು, ಇಲ್ಲಿ ಆ ದುಡ್ಡೆಲ್ಲ ಸಿನೆಮಾ ಹಾಡಿಗೆ ಹೋಗ್ತದೆ. ಪ್ರತಿಭೆಯ ಕೊರತೆ ಅಲ್ಲ.

ಇಷ್ಟೆಲ್ಲ ಹೇಳಿ ನಿನ್ನದ್ದು ಯಾವ್ದು ಅಂತ ಕೇಳಿದ್ರೆ, ಬ್ಲ್ಯಾಕ್ ಸಬ್ಬತ್. 1970ರ ಫೆಬ್ರವರಿ 13ರ ಮೊದಲ ಆಲ್ಬಂ, ಏಳು ತಿಂಗಳಿಗೆ 'ಪ್ಯಾರನಾಯ್ಡ್', 1971ಕ್ಕೆ 'ಮಾಸ್ಟರ್ ಆಫ್ ರಿಯಾಲಿಟಿ', 1972ಕ್ಕೆ 'ವಾಲ್ಯೂಮ್ 4', 1973ಕ್ಕೆ 'ಸಬ್ಬತ್ ಬ್ಲಡಿ ಸಬ್ಬತ್', 1975ರ ಜುಲೈಗೆ 'ಸ್ಯಾಬೊಟಾಜ್'. ಐದೂವರೆ ವರ್ಷ, ಆರು ಆಲ್ಬಂ. ಝೆಪ್ಪೆಲಿನ್‌ನಷ್ಟೇ ಸಂಖ್ಯೆ, ಅದಕ್ಕಿಂತ ಸ್ವಲ್ಪ ಬೇಗ. ಗಿಟಾರಿಸ್ಟ್ ಟೋನಿ ಅಯೋಮಿ ಹದಿನೇಳು ವರ್ಷಕ್ಕೆ ತಗಡಿನ ಫ್ಯಾಕ್ಟರಿಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳ್ಕೊಂಡವ, ಎಡಗೈಯವನಾದ ಕಾರಣ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿ ನುಡಿಸಿದ. ಮೂರನೇ ಆಲ್ಬಂಗೆ ಬರುವಾಗ ತಂತಿಯ ಬಿಗಿ ಇಳಿಸಿದ, ಬೆರಳಿಗೂ ಸಲೀಸು, ಸೌಂಡೂ ಭಾರ ಆಯ್ತು, ಇವತ್ತು ಕೇಳುವ ಎಷ್ಟೋ ಹೆವಿ ಸಂಗೀತದ ಬೇರು ಆ 34 ನಿಮಿಷದ ತಟ್ಟೆಯಲ್ಲುಂಟು.

ನನ್ನ ನಿಯಮ ನನಗೂ ಅನ್ವಯ ಆಗ್ಬೇಕು, ಹಾಗಾಗಿ ಈ ಆರರಲ್ಲಿ ದುರ್ಬಲ ಯಾವ್ದು? 'ವಾಲ್ಯೂಮ್ 4'. ಅದ್ರಲ್ಲಿ 'ಎಫ್ಎಕ್ಸ್' ಅಂತ ಎರಡು ನಿಮಿಷ ಸಹ ಇಲ್ಲದ ಒಂದು ತುಣುಕುಂಟು, ಗಿಟಾರಿಗೆ ಎಂತದ್ದೋ ತಾಗಿದ ಶಬ್ದಕ್ಕೆ ಎಕೋ ಹಾಕಿದ್ದು, ಯಾಕೆ ಇಟ್ರು ಅಂತ ದೇವರಿಗೇ ಗೊತ್ತು. ಆದ್ರೆ ಅದ್ರ ಮರು ನಿಮಿಷ 'ಸೂಪರ್‌ನಾಟ್' ಶುರು ಆಗ್ತದೆ, ಅದ್ರಲ್ಲೇ 'ಸ್ನೋಬ್ಲೈಂಡ್' ಉಂಟು. ಕೆಳಗಿನದ್ದೇ ಇಷ್ಟು ಎತ್ತರ ಇದ್ರೆ ಉಳಿದದ್ದು ಹೇಳ್ಬೇಕಾ. ಝೆಪ್ಪೆಲಿನ್‌ನಲ್ಲೂ ಹಾಗೆ ಬಿಟ್ಟುಬಿಡ್ಬಹುದಾದ ಹಾಡುಗಳುಂಟು, 'ಹೌಸಸ್ ಆಫ್ ದ ಹೋಲಿ'ಯ 'ದ ಕ್ರಂಜ್' ಅಂತದ್ದು, ಹಾಗಾಗಿ ಎರಡು ಬ್ಯಾಂಡಿಗೂ ಹೆಚ್ಚು ವ್ಯತ್ಯಾಸ ಇಲ್ಲ, ಯಾರಾದ್ರೂ ಝೆಪ್ಪೆಲಿನ್ ಅಂದ್ರೆ ನಾನು ಜೋರು ಮಾಡುದಿಲ್ಲ.

ನೀವೇ ಪರೀಕ್ಷೆ ಮಾಡ್ಬೇಕಾದ್ರೆ ಆ್ಯಪ್‌ನಲ್ಲಿ ಕ್ರಮವಾಗಿ ಹಾಕಿ ಕೇಳಿ, ಆದ್ರೆ ಜಾಗ್ರತೆ. ಡಿಲಕ್ಸ್ ಎಡಿಶನ್‌ನಲ್ಲಿ ಮೂಲ ಆಲ್ಬಂ ಮುಗಿದ ಮೇಲೆ ಡೆಮೋ, ಲೈವ್, ಬಿಸಾಡಿದ್ದು ಎಲ್ಲ ಸೇರಿಸಿರ್ತಾರೆ, ರಿಮಾಸ್ಟರ್ ಮಾಡಿದ ಇಸವಿ ಹಾಕಿ 1971ರದ್ದನ್ನು 2014 ಅಂತ ತೋರಿಸ್ತದೆ. ಮೂಲದಲ್ಲಿ ಕೊನೆ ಹಾಡು ಯಾವ್ದು ಅಂತ ಮೊದ್ಲು ನೋಡಿಟ್ಕೊಳ್ಳಿ, 'ಮಾಸ್ಟರ್ ಆಫ್ ರಿಯಾಲಿಟಿ' ಆದ್ರೆ 'ಇನ್‌ಟು ದ ವಾಯ್ಡ್', ಅದು ಮುಗಿದ ಕೂಡ್ಲೆ ನಿಲ್ಲಿಸಿ ಮುಂದಿನ ಆಲ್ಬಂಗೆ ಹೋಗಿ. ಹೊಸಬರಾದ್ರೆ ಸ್ಟೋನ್ಸ್‌ನ ನಾಲ್ಕರಿಂದ ಶುರು ಮಾಡಿ, ಒಂದು ಭಾನುವಾರ ಸಾಕು.

ಭಾವ ಈಗ ಬೀಟಲ್ಸ್ ಬಿಟ್ಟು ಕ್ವೀನ್ ಹಿಡ್ಕೊಂಡಿದ್ದಾನೆ, 1974ರ 'ಕ್ವೀನ್ 2'ರಿಂದ 1976ರ 'ಎ ಡೇ ಎಟ್ ದ ರೇಸಸ್'ವರೆಗೆ ನಾಲ್ಕು ಅಂತ. ಅದ್ರಲ್ಲಿ ದುರ್ಬಲ ಯಾವ್ದು ಹೇಳು ಅಂತ ಕೇಳಿದ್ದೇನೆ, ಇನ್ನೂ ಹೇಳ್ಲಿಲ್ಲ.